ಸುಣ್ಣದ ಲೆಕ್ಕ

ಐವತ್ತೆಂಟು.

ರೇಣುಕಯ್ಯ ಮೇಷ್ಟ್ರು ಕನ್ನಡಕ ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು. ಹಾಳೆಯ ಮೇಲಿನ ಅಂಕಿ ಬದಲಾಗಲಿಲ್ಲ. ಐವತ್ತೆಂಟೇ.

"ಏನ್ ಸರ್, ಹಾವು ಕಂಡವರ ಹಾಗೆ ನೋಡ್ತಿದ್ದೀರಿ?" ಮೇಜಿನಾಚೆ ಕುಳಿತಿದ್ದ ಪಿಎಸ್‌ಐ ಶೃತಿ ಕೇಳಿದರು.

"ಏನಿಲ್ಲ. ಈ ಹಾಳೆ ಮೊದಲೇ ಯಾಕೆ ತೋರಿಸ್ಲಿಲ್ಲ?"

"ನಿನ್ನೆವರೆಗೂ ಸಾಹೇಬರ ಬೀರುವಲ್ಲಿತ್ತು."

ಹನ್ನೊಂದು ದಿನದ ಹಿಂದೆ ತಿರುಮಣಿ ಹತ್ತಿರದ ಸೋಲಾರ್ ಪಾರ್ಕಿನ ಬೇಲಿಯ ಪಕ್ಕ ಪಾಲಾಕ್ಷನ ಬೈಕು ಸಿಕ್ಕಿತ್ತು, ಪಾಲಾಕ್ಷ ಸಿಕ್ಕಿರಲಿಲ್ಲ. ಬೈಕಿನ ಪಕ್ಕದ ಡಬ್ಬಿಯಲ್ಲಿ ಮಡಚಿಟ್ಟಿದ್ದದ್ದು ಈ ಹಾಳೆ.

ಪಾಲಾಕ್ಷ ಬೂದಿಬಂಡೆ ಎಂಬ ಹಳ್ಳಿಯ ಕುಡಿಯುವ ನೀರಿನ ಘಟಕ ನೋಡಿಕೊಳ್ಳುತ್ತಿದ್ದವನು. ಪಾವಗಡದ ಆ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡು ಜಾಸ್ತಿ. ಅದನ್ನು ಇಳಿಸಲು ಟ್ಯಾಂಕಿಗೆ ಪಟಿಕ ಹಾಕಬೇಕು, ಜೊತೆಗೆ ತಕ್ಕಷ್ಟು ಸುಣ್ಣ ಹಾಕಬೇಕು. ಎಷ್ಟು ಹಾಕಬೇಕೆಂದು ಲೆಕ್ಕ ಮಾಡಿ ಹಾಳೆ ಕಳಿಸುತ್ತಿದ್ದದ್ದು ಮಧುಗಿರಿಯ ಒಂದು ಖಾಸಗಿ ಲ್ಯಾಬು. ಕಳೆದ ತಿಂಗಳು ಬಂದ ಹಾಳೆಯಲ್ಲಿ ಸುಣ್ಣ ಕಡಿಮೆ ಬರೆದಿತ್ತು. ನೀರು ಒಗರಾಯಿತು, ಹುಳಿಯಾಯಿತು, ನಲವತ್ತು ಜನ ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದರು. ಹಾಳೆ ಹಿಡಿದು ಕೇಳಲು ಹೊರಟ ಪಾಲಾಕ್ಷ ದಾರಿಯಲ್ಲೇ ಕಾಣೆಯಾದ.

ಹಾಳೆಯ ಕೆಳಗೆ ಲ್ಯಾಬಿನ ಪರೀಕ್ಷಕಿ ಅನುಷಾಳ ಸಹಿ, ಮೊಹರು. ಪಾಲಾಕ್ಷನ ಫೋನಿನ ಕೊನೆಯ ಕರೆಯೂ ಅವಳಿಗೇ. ಇಷ್ಟು ಸಾಕಾಗಿತ್ತು. ತನ್ನ ತಪ್ಪು ಹೊರಬೀಳುತ್ತದೆಂದು ಅವಳೇ ಅವನನ್ನು ಏನೋ ಮಾಡಿಸಿದ್ದಾಳೆಂದು ದೊಡ್ಡ ಸಾಹೇಬರು ತೀರ್ಮಾನಿಸಿಬಿಟ್ಟಿದ್ದರು. ಹುಡುಗಿ ಒಂದು ವಾರದಿಂದ ಜೈಲಿನಲ್ಲಿದ್ದಳು.

"ಲೆಕ್ಕ ತಪ್ಪಾ ಸರಿಯಾ, ಅಷ್ಟು ಹೇಳಿ ಸರ್ ಸಾಕು," ಎಂದರು ಶೃತಿ. ಮೇಷ್ಟ್ರು ರಿಟೈರಾದ ಮೇಲೆ, ವಿಜ್ಞಾನದ ಗಂಟು ಬಿದ್ದಾಗಲೆಲ್ಲ ಠಾಣೆಯಿಂದ ಅವರಿಗೇ ಫೋನು ಹೋಗುತ್ತಿತ್ತು. ಅವರಿಗೂ ಅದರಲ್ಲಿ ಒಂದು ಜಂಬ.

"ತಪ್ಪು."

"ಎಲ್ಲಿ?"

ಮೇಷ್ಟ್ರು ಪೆನ್ಸಿಲ್ ತೆಗೆದುಕೊಂಡರು. "ಇದು ಅರಳಿದ ಸುಣ್ಣದ ಸೂತ್ರ. Ca(OH)₂. ಬ್ರಾಕೆಟ್ ಹೊರಗೆ ಎರಡು ಇದೆಯಲ್ಲ, ಅದರರ್ಥ ಒಳಗಿರೋದೆಲ್ಲ ಎರಡೆರಡು. ಒಂದು ಕ್ಯಾಲ್ಸಿಯಂ ನಲವತ್ತು. ಎರಡು ಆಕ್ಸಿಜನ್, ಹದಿನಾರೆರಡು ಮೂವತ್ತೆರಡು. ಎರಡು ಹೈಡ್ರೋಜನ್, ಎರಡು. ಒಟ್ಟು ಎಪ್ಪತ್ನಾಲ್ಕು. ಒಂದು ಮೋಲ್ ಸುಣ್ಣ ಅಂದ್ರೆ ಎಪ್ಪತ್ನಾಲ್ಕು ಗ್ರಾಂ."

"ಇಲ್ಲಿ ಐವತ್ತೆಂಟು ಅಂತಿದೆ."

"ಆಕ್ಸಿಜನ್ನು ಒಂದೇ ಅಂತ ಎಣಿಸಿದ್ದಾರೆ. ಎರಡನ್ನ ಹೈಡ್ರೋಜನ್‌ಗೆ ಮಾತ್ರ ಕೊಟ್ಟಿದ್ದಾರೆ. ನಲವತ್ತು, ಹದಿನಾರು, ಎರಡು. ಐದು ಮೋಲ್ ಬೇಕಾಗಿತ್ತು. ಮುನ್ನೂರೆಪ್ಪತ್ತು ಗ್ರಾಂ ಹಾಕೋ ಕಡೆ ಇನ್ನೂರತೊಂಬತ್ತು ಅಂತ ಬರೆದಿದ್ದಾರೆ."

"ಎಂ.ಎಸ್ಸಿ. ಓದಿದವಳು ಇಂಥ ತಪ್ಪು ಮಾಡ್ತಾಳಾ ಸರ್?"

ಮೇಷ್ಟ್ರಿಗೆ ಉತ್ತರ ಗೊತ್ತಿತ್ತು. ಬೇರೆ ಯಾರು ಮಾಡಿದರೂ ಅನುಷಾ ಮಾಡುವುದಿಲ್ಲ. ಈ ಭೂಮಿಯ ಮೇಲೆ ಐವತ್ತೆಂಟು ಎಂದು ಬರೆಯಲು ಕೈ ಬಾರದ ಒಬ್ಬಳಿದ್ದರೆ ಅವಳು ಅನುಷಾ. ಅದು ಹೇಗೆ ಗೊತ್ತೆಂದು ಹೇಳಬೇಕಾದರೆ ತಮ್ಮ ಮಾನವನ್ನು ಈ ಮೇಜಿನ ಮೇಲೆ ಬಿಚ್ಚಿಡಬೇಕಾಗಿತ್ತು.

"ಯೋಚನೆ ಮಾಡಿ ಹೇಳ್ತೀನಿ," ಎಂದು ಎದ್ದರು. ಮೆಟ್ಟಿಲಿಳಿಯುವಾಗ ಕಾಲಿಗೆ ಚಪ್ಪಲಿ ಸರಿಯಾಗಿ ಸಿಗಲಿಲ್ಲ.

ಹೊರಗೆ ಮಗಳು ಮಂಜುಳಾ ಸ್ಕೂಟಿ ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಬಿ.ಕಾಂ. ಮುಗಿಸಿ ಅದೇ ಲ್ಯಾಬಿನ ಆಫೀಸಿನಲ್ಲಿ ರಿಪೋರ್ಟು ಟೈಪು ಮಾಡುವ ಕೆಲಸದಲ್ಲಿದ್ದಳು. ಅನುಷಾ ಹೈಸ್ಕೂಲಿನಲ್ಲಿ ಅವಳ ಜೊತೆಯವಳು.

"ಅನುಷಂಗೆ ಬೇಲ್ ಸಿಗ್ತದಾ ಅಪ್ಪ?"

"ನೋಡ್ಬೇಕು ಕಣಮ್ಮ."

"ಭಾನುವಾರದ ಫಂಕ್ಷನ್ನು ಮುಂದಕ್ಕೆ ಹಾಕಾಣ ಅಂದೆ. ಮುಂದೆ ನಿಂತು ಮಾಡ್ಸೋ ನವೀನ್ ಕೇಳ್ಲಿಲ್ಲ. ಹಾಲ್ ಬುಕ್ ಆಗೈತಂತೆ. ನಿನಗೆ ಮೈಸೂರು ಪೇಟನೂ ತಂದವ್ನೆ."

ಮೇಷ್ಟ್ರು ಸ್ಕೂಟಿಯ ಹಿಂದೆ ಕೂತು ಮಗಳ ಹೆಗಲು ಹಿಡಿದುಕೊಂಡರು. ಭಾನುವಾರ ಹುಣಸೆಕಟ್ಟೆ ಸರ್ಕಾರಿ ಹೈಸ್ಕೂಲಿನ ಹಳೆಯ ಬ್ಯಾಚು ಅವರಿಗೆ ಗುರುವಂದನೆ ಇಟ್ಟುಕೊಂಡಿತ್ತು. ಬೇರೆ ಯಾವ ಬ್ಯಾಚೂ ಅಲ್ಲ, ಆ ಬ್ಯಾಚೇ.

*

ಆ ವರ್ಷ ನಡೆದದ್ದನ್ನು ಮೇಷ್ಟ್ರು ಯಾರಿಗೂ ಹೇಳಿರಲಿಲ್ಲ. ಹೆಂಡತಿ ಬದುಕಿದ್ದಾಗ ಅವಳಿಗೂ ಹೇಳಿರಲಿಲ್ಲ.

ಹದಿನೈದು ವರ್ಷದ ಹಿಂದಿನ ಮಾತು. ಇನ್ಸ್‌ಪೆಕ್ಷನ್ನಿಗೆ ಅಧಿಕಾರಿಯೊಬ್ಬರು ಬಂದು ಹತ್ತನೇ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಮೇಷ್ಟ್ರು ಹುರುಪಿನಲ್ಲಿ ಬೋರ್ಡಿನ ತುಂಬ ಸೂತ್ರಗಳನ್ನು ಬರೆದು ಪರಮಾಣು ಎಣಿಸುತ್ತಾ ಹೋದರು. ಸುಣ್ಣಕ್ಕೆ ಬಂದಾಗ ಅವಸರದಲ್ಲಿ ಐವತ್ತೆಂಟು ಎಂದು ಬರೆದುಬಿಟ್ಟರು.

ಮೂರನೇ ಬೆಂಚಿನಿಂದ ಅನುಷಾ ಎದ್ದಳು. "ಸಾರ್, ಆಕ್ಸಿಜನ್ನೂ ಎರಡಲ್ವಾ? ಎಪ್ಪತ್ನಾಲ್ಕು ಬರ್ತದೆ."

ಸೀಮೆಸುಣ್ಣ ಕೆಳಗಿಡುವ ಮೊದಲೇ ಮೇಷ್ಟ್ರಿಗೆ ಅವಳು ಸರಿಯೆಂದು ಗೊತ್ತಾಗಿತ್ತು. 'ಹೌದಮ್ಮ, ತಪ್ಪಾಯಿತು' ಎಂದು ಅಳಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹಿಂದೆ ಅಧಿಕಾರಿ ಕೂತಿದ್ದರಲ್ಲ, ನಾಲಿಗೆ ತಿರುಗಲಿಲ್ಲ.

ತಿರುಗಿದ್ದು ಬೇರೆ ಕಡೆಗೆ. "ನಿಮ್ಮಪ್ಪ ತೋವಿನಕೆರೆ ಗೂಡಲ್ಲಿ ಸುಣ್ಣ ಸುಡ್ತಾನೆ ಅಂತ ನೀನು ಸುಣ್ಣದ ಪಂಡಿತೆ ಆಗ್ಬುಟ್ಯಾ? ಬಾಲದ ಅಂಕಿ ಬಾಲಕ್ಕೆ! ಕೊನೇಲಿ ಇರೋ ಎರಡು ಕೊನೇಲಿ ಇರೋ ಹೈಡ್ರೋಜನ್‌ಗೆ. ಹೇಳ್ರೋ ಎಲ್ಲಾರೂ!"

ಅದುವರೆಗೆ ಯಾವ ಪುಸ್ತಕದಲ್ಲೂ ಇರದ ಆ ನಿಯಮ ಆ ಕ್ಷಣದಲ್ಲಿ, ಒಬ್ಬ ಮೇಷ್ಟ್ರ ಮುಖ ಉಳಿಸಲು ಹುಟ್ಟಿತು. ಮಕ್ಕಳು ನಕ್ಕರು, ಆಮೇಲೆ ಒಂದೇ ಕಂಠದಲ್ಲಿ ಕೂಗಿದರು. ಅಧಿಕಾರಿ ಇತಿಹಾಸ ಓದಿಕೊಂಡವರು, ತಲೆದೂಗಿದರು. ಅನುಷಾ ಪೀರಿಯಡ್ಡು ಮುಗಿಯುವವರೆಗೂ ಹೊರಗೆ ನಿಂತಳು. ಮಾರನೆಯ ದಿನ ಐವತ್ತೆಂಟು ಎಂದು ನೂರು ಸಲ ಬರೆದುಕೊಂಡು ಬಂದಳು. ಮೇಷ್ಟ್ರು ನೋಡದೇ ಕೆಂಪು ಇಂಕಿನಲ್ಲಿ ರೈಟು ಹಾಕಿದರು.

ಮುಂದಿನ ವರ್ಷದಿಂದ ಸರಿಯಾಗಿಯೇ ಹೇಳಿಕೊಟ್ಟರು. ಆ ಒಂದು ಬ್ಯಾಚಿಗೆ ಮಾತ್ರ ತಿದ್ದಲೇ ಇಲ್ಲ. ಬೋರ್ಡ್ ಪರೀಕ್ಷೆಯಲ್ಲಿ ಅಂಥದ್ದೇ ಪ್ರಶ್ನೆ ಬಂದು ಹುಡುಗರು ಅಂಕ ಕಳೆದುಕೊಂಡಾಗ, ಪೇಪರು ಟಫ್ ಇತ್ತೆಂದು ತಂದೆತಾಯಿಗಳಿಗೆ ಸಮಾಧಾನ ಹೇಳಿದ್ದೂ ಇದೇ ಬಾಯಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ಮೇಷ್ಟ್ರ ಮಾನ ಅಡಿಕೆಗೂ ಹೋಗಿರಲಿಲ್ಲ, ಒಂದು ಆಕ್ಸಿಜನ್ನಿಗೆ ಹೋಗಿತ್ತು. ಹೋದದ್ದು ಅವರೊಬ್ಬರಿಗೇ ಗೊತ್ತಿದ್ದರಿಂದ ಇಷ್ಟು ದಿನ ನಡೆದುಕೊಂಡು ಬಂದಿತ್ತು.

*

ಶುಕ್ರವಾರ ಅನುಷಾಳನ್ನು ಕಸ್ಟಡಿ ಮುಂದುವರಿಸಲು ಕೋರ್ಟಿಗೆ ಕರೆತಂದರು. ವರಾಂಡದ ಬೆಂಚಿನ ಮೇಲೆ ಇಬ್ಬರು ಮಹಿಳಾ ಪೊಲೀಸರ ನಡುವೆ ಕೂತಿದ್ದಳು. ಶೃತಿ ಕಣ್ಣಿನಲ್ಲೇ ಐದು ನಿಮಿಷ ಎಂದು ಸನ್ನೆ ಮಾಡಿ ಆ ಕಡೆ ತಿರುಗಿ ನಿಂತರು.

ಮೇಷ್ಟ್ರು ಹತ್ತಿರ ಹೋಗುವ ಮೊದಲೇ ಅನುಷಾಳ ತಾಯಿ ಚಿಕ್ಕಹನುಮಕ್ಕ ಅಡ್ಡಬಂದು ಕೈ ಮುಗಿದಳು.

"ಬಂದ್ರಾ ಸ್ವಾಮಿ? ನೀವು ಕಲ್ಸಿದ್ ವಿದ್ಯೆ ಕಣ್ ಸ್ವಾಮಿ, ನಮ್ಮುಡ್ಗಿ ಅಷ್ಟು ದೂರ ಓದಿದ್ದು. ಅವ್ರಪ್ಪ ಸಾಯೋಗಂಟ ನಿಮ್ಮೆಸ್ರೇ ಯೋಳೋನು. ಆ ಪೊಲೀಸಮ್ಮಂಗೆ ಒಂದ್ ಮಾತು ಯೋಳಿ. ನಿಮ್ಮಾತು ನಡೀತದೆ."

ಮೇಷ್ಟ್ರಿಗೆ ಆ ಕೈಗಳನ್ನು ನೋಡಲಾಗಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈಕೆ ಕೈ ಮುಗಿಯುತ್ತಿದ್ದಾಳೆ.

"ನೀನು ಆ ಕಡೆ ಕೂತ್ಕೊ ಅವ್ವ," ಎಂದಳು ಅನುಷಾ. ತಾಯಿ ದೂರ ಹೋದ ಮೇಲೆ ಮೇಷ್ಟ್ರ ಮುಖವನ್ನು ನೇರವಾಗಿ ನೋಡಿದಳು. "ಹಾಳೆ ನೋಡಿದ್ರಾ ಸಾರ್?"

"ನೋಡಿದೆ."

"ಪೊಲೀಸ್ನೋರು ತೋರಿಸ್ದಾಗ್ಲೇ ಗೊತ್ತಾಯ್ತು, ನಮ್ಮ ಬ್ಯಾಚಿನೋರು ಯಾರೋ ಮಾಡವ್ರೆ ಅಂತ. ಆ ವಾರ ನಾನು ರಜ ಹಾಕಿದ್ದೆ. ನನ್ನ ಸಹಿ ಕಂಪ್ಯೂಟ್ರಲ್ಲಿ ಐತೆ, ಯಾರು ಬೇಕಾದ್ರೂ ಒತ್ಕೋಬೌದು. ಪಾಲಾಕ್ಷಣ್ಣ ಫೋನ್ ಮಾಡಿ, ಸುಣ್ಣ ಸಾಲ್ತಿಲ್ಲ ಕಣಮ್ಮ, ಲೆಕ್ಕ ಒಂದ್ಸಲ ನೋಡು ಅಂದ. ತಗೊಂಡ್ ಬಾ ಅಂದೆ. ಬರ್ಲೇ ಇಲ್ಲ."

"ಐವತ್ತೆಂಟರ ವಿಷಯ ಪೊಲೀಸಿಗೆ ಯಾಕೆ ಹೇಳ್ಲಿಲ್ಲಮ್ಮ?"

"ಏನಂತ ಹೇಳ್ಲಿ? ನಮ್ಮ ಮೇಷ್ಟ್ರು ತಪ್ಪು ಹೇಳ್ಕೊಟ್ಟಿದ್ರು, ನಾನೊಬ್ಳೇ ಸರಿ ಹೇಳಿದ್ದೆ ಅಂತಾನಾ? ಅವತ್ತು ನೀವು ಎದುರಿಗಿದ್ದೂ ನಂಬ್ಲಿಲ್ಲ. ಇವ್ರು ನಂಬ್ತಾರಾ?"

"ನಂಬಲಿಲ್ಲ ಅಂತಲ್ಲ ಅನುಷಾ." ಮೇಷ್ಟ್ರು ದನಿ ತಗ್ಗಿಸಿದರು. "ನೀನು ಹೇಳಿದ್ದು ಸರಿ ಅಂತ ನಂಗೆ ಆಗ್ಲೇ ಗೊತ್ತಿತ್ತು."

"ನಿಮಗೆ ಗೊತ್ತಿತ್ತು ಅಂತ ನಂಗೂ ಗೊತ್ತಿತ್ತು ಸಾರ್. ಆಮೇಲೆ ವರ್ಷವೆಲ್ಲಾ ನೀವು ನನ್ನ ಮುಖ ನೋಡಿ ಪಾಠ ಮಾಡ್ಲಿಲ್ಲ."

ಅರವತ್ತೆರಡು ವರ್ಷದ ಮನುಷ್ಯ ಕೋರ್ಟಿನ ವರಾಂಡದಲ್ಲಿ ತಲೆ ತಗ್ಗಿಸಿ ನಿಂತರು. ಕಾಲ ಕೆಳಗಿನ ಕಡಪ ಕಲ್ಲು ಬಾಯಿ ಬಿಟ್ಟರೆ ಇಳಿದುಹೋಗುವುದಕ್ಕೆ ತಯಾರಿದ್ದರು.

"ಯಾರ ಮೇಲೆ ಅನುಮಾನ ನಿಂಗೆ?"

ಅನುಷಾ ದೂರ ಕೂತಿದ್ದ ತಾಯಿಯ ಕಡೆ ನೋಡಿದಳು. "ಹೆಸರು ನನ್ನ ಬಾಯಲ್ಲಿ ಬ್ಯಾಡ. ನೀವೇ ಹುಡುಕಿ ಸಾರ್. ನೀವು ಹುಡುಕಿದ್ರೇನೇ ಸರಿ."

ಹದಿನಾಲ್ಕು ದಿನ ಮುಂದುವರಿಯಿತು ಕಸ್ಟಡಿ. ಮೇಷ್ಟ್ರು ಅಲ್ಲಿಂದ ನೇರವಾಗಿ ಶೃತಿಯವರ ಜೀಪಿನ ಹತ್ತಿರ ಹೋಗಿ, ಯಾವುದನ್ನೂ ಬಿಡದೆ ಎಲ್ಲ ಹೇಳಿದರು. ಸುಣ್ಣ ಸುಡುವ ಅಪ್ಪನ ಮಾತನ್ನೂ ಬಿಡಲಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ಅಂಗಿಯ ಬೆನ್ನು ತೊಯ್ದಿತ್ತು.

ಶೃತಿ ಛೀ ಅನ್ನಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ. "ಆ ಬ್ಯಾಚಲ್ಲಿ ಎಷ್ಟು ಜನ?"

"ಮೂವತ್ನಾಲ್ಕು. ಮುಂದೆ ಸೈನ್ಸ್ ಓದಿದವರು ಕಾಲೇಜಲ್ಲಿ ತಿದ್ಕೊಂಡಿರ್ತಾರೆ. ಉಳಿದವರಲ್ಲಿ ಬೂದಿಬಂಡೆಗೂ ಲ್ಯಾಬಿಗೂ ಸಂಬಂಧ ಇರೋರು ಇಬ್ಬರು. ಶಿರಾದ ನವೀನ್ ಕುಮಾರ್, ಆ ಕಡೆಯ ನೀರಿನ ಘಟಕಗಳನ್ನೆಲ್ಲ ನಡೆಸೋ ಗುತ್ತಿಗೆದಾರ. ಇನ್ನೊಬ್ಬ ಚಿರಂಜೀವಿ, ಲ್ಯಾಬಿನ ಗಾಡಿ ಓಡಿಸ್ತಾನೆ, ಹಾಳೆಗಳನ್ನ ಹಳ್ಳಿಗೆ ಮುಟ್ಟಿಸೋನು ಅವನೇ."

"ಕೋರ್ಟು ನಿಮ್ಮ ಹಳೇ ಕಥೆ ಕೇಳಲ್ಲ ಸರ್. ಇವತ್ತಿಗೂ ಒಬ್ಬರು ಐವತ್ತೆಂಟು ಅಂತಲೇ ಲೆಕ್ಕ ಮಾಡ್ತಾರೆ ಅಂತ ನನಗೆ ಕೈಯಲ್ಲಿ ಬೇಕು. ಅವರ ಕೈಬರಹದಲ್ಲೇ."

"ಭಾನುವಾರ ಎಲ್ಲಾರೂ ಒಂದೇ ಹಾಲಲ್ಲಿ ಸಿಗ್ತಾರೆ."

"ನಿಮಗೆ ಸನ್ಮಾನ ಮಾಡಕ್ಕೆ."

"ಹೌದು," ಎಂದರು ಮೇಷ್ಟ್ರು. "ನನಗೆ ಸನ್ಮಾನ ಮಾಡಕ್ಕೆ."

*

ಕಲ್ಯಾಣ ಮಂಟಪದ ಬಾಗಿಲಲ್ಲಿ ಬಾಳೆಕಂದು, ಒಳಗೆ ಉಪ್ಪಿಟ್ಟು ಕೇಸರಿಬಾತಿನ ವಾಸನೆ. ಬೆಳಗಿನ ಹನ್ನೊಂದು ಗಂಟೆಗೆ ಇಪ್ಪತ್ತಾರು ಮಂದಿ ಸೇರಿದ್ದರು. ಹಿಂದಿನ ಸಾಲಿನಲ್ಲಿ ಶೃತಿ ಸಾದಾ ಸೀರೆಯುಟ್ಟು, ಯಾರದೋ ಹೆಂಡತಿಯ ಹಾಗೆ ಕೂತಿದ್ದರು.

ನವೀನ್ ಕುಮಾರ್ ಮೈಕು ಹಿಡಿದು ಬಿಟ್ಟೇ ಇರಲಿಲ್ಲ. "ಇವತ್ತು ನಾವು ನಾಲ್ಕು ಜನರ ಎದುರು ತಲೆ ಎತ್ತಿ ನಿಂತಿದ್ದೀವಿ ಅಂದ್ರೆ ಅದು ಈ ಮಹಾನುಭಾವರಿಂದ! ಸುಳ್ಳು ಅನ್ನೋದನ್ನೇ ಅರಿಯದ ದೇವರಂಥ ಮೇಷ್ಟ್ರು!"

ಚಪ್ಪಾಳೆ ಬಿತ್ತು. ತಲೆಗೆ ಪೇಟ, ಹೆಗಲಿಗೆ ಶಾಲು, ಕೊರಳಿಗೆ ಏಲಕ್ಕಿ ಹಾರ, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಇಷ್ಟನ್ನೂ ಹೊತ್ತುಕೊಂಡು ಮೇಷ್ಟ್ರು ಕುರ್ಚಿಯಲ್ಲಿ ಬೆವರುತ್ತಾ ಕೂತಿದ್ದರು. ಪಾದಪೂಜೆ ಮಾಡಲು ಮಂಜುಳಾಳೇ ತಂಬಿಗೆ ಹಿಡಿದು ಬಂದಾಗ ಮೊದಲು ಕಾಲು ಹಿಂದಕ್ಕೆಳೆದುಕೊಂಡರು. ಅವಳು ನಗುತ್ತಾ ಪಾದ ಹಿಡಿದು ತೊಳೆದಳು.

"ನೆನಪೈತೇನ್ರೋ?" ನವೀನ್ ಮೈಕಿನಲ್ಲಿ ಕೂಗಿದ. "ಬಾಲದ ಅಂಕಿ..."

"ಬಾಲಕ್ಕೇ!" ಇಡೀ ಹಾಲು ಕೂಗಿತು. ನಗು, ಸಿಳ್ಳೆ. ಯಾರೋ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರು.

ಮೇಷ್ಟ್ರು ಎದ್ದು ಮೈಕು ಇಸಕೊಂಡರು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ವಯಸ್ಸಾಯಿತು ಪಾಪ ಎಂದುಕೊಂಡರು ಜನ.

"ಭಾಷಣ ಆಮೇಲೆ. ಮೊದಲು ಒಂದು ಕ್ಲಾಸ್ ಟೆಸ್ಟು." ಎಲ್ಲರೂ ಓಹೋ ಎಂದರು. "ನಿಮ್ಮ ಕೈಯಲ್ಲಿರೋ ಕರೆಯೋಲೆ ಹಿಂದೆ ಹೆಸರು ಬರೀರಿ. ಒಂದೇ ಪ್ರಶ್ನೆ. ಒಂದು ಮೋಲ್ ಅರಳಿದ ಸುಣ್ಣ ಎಷ್ಟು ಗ್ರಾಂ? ಪಕ್ಕದೋರ್ದು ನೋಡಿ ಬರೆಯೋ ಹಂಗಿಲ್ಲ, ಫೋನ್ ಮುಟ್ಟೋ ಹಂಗಿಲ್ಲ. ಕ್ಯಾಲ್ಸಿಯಂ ನಲವತ್ತು, ಆಕ್ಸಿಜನ್ ಹದಿನಾರು, ಹೈಡ್ರೋಜನ್ ಒಂದು."

"ಸಾರ್, ಫೇಲಾದ್ರೆ ಊಟ ಇಲ್ವಾ?" ಎಂದ ಚಿರಂಜೀವಿ.

ಮೂವತ್ತು ದಾಟಿದ ಗಂಡಸರು ಹೆಂಗಸರು ಹತ್ತನೇ ಕ್ಲಾಸಿನವರ ಹಾಗೆ ಮೊಣಕೈ ಅಡ್ಡ ಇಟ್ಟುಕೊಂಡು ಬರೆದರು. ನವೀನ್ ಬುಟ್ಟಿಯ ಹಣ್ಣು ತೆಗೆದಿಟ್ಟು, ತನ್ನದನ್ನೂ ಸೇರಿಸಿ ಇಪ್ಪತ್ತಾರು ಚೀಟಿ ಅದರಲ್ಲಿ ಹಾಕಿ ತಂದುಕೊಟ್ಟ.

ಮೇಷ್ಟ್ರು ತಲೆಯ ಮೇಲಿನ ಪೇಟ ತೆಗೆದು ಕುರ್ಚಿಯ ಮೇಲಿಟ್ಟರು.

"ಉತ್ತರ ಎಪ್ಪತ್ನಾಲ್ಕು," ಎಂದರು. "ಐವತ್ತೆಂಟಲ್ಲ. ಬಾಲದ ಅಂಕಿ ಬಾಲಕ್ಕೆ ಅನ್ನೋ ನಿಯಮ ಯಾವ ಪುಸ್ತಕದಲ್ಲೂ ಇಲ್ಲ. ಅವತ್ತು ನಾನು ಬ್ರಾಕೆಟ್ ತಪ್ಪಿದೆ. ಅನುಷಾ ಎದ್ದು ನಿಂತು ಸರಿ ಹೇಳಿದ್ಳು. ಸರಿ ಅಂತ ಗೊತ್ತಾದ ಮೇಲೂ ಅವಳ ಅಪ್ಪನ ಕಸುಬು ಎತ್ತಿ ಆಡಿದೆ, ಅವಳನ್ನ ಹೊರಗೆ ನಿಲ್ಲಿಸ್ದೆ, ನಿಮ್ಮ ಬಾಯಲ್ಲಿ ಸುಳ್ಳು ಕೂಗಿಸ್ದೆ. ನೀವು ಪರೀಕ್ಷೇಲಿ ಕಳ್ಕೊಂಡ ಅಂಕಕ್ಕೂ ನಾನೇ ಕಾರಣ. ನಂಗೆ ಈ ಶಾಲು ಹೊದೆಯೋ ಯೋಗ್ಯತೆ ಇಲ್ಲ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಯಾರೋ, "ಬುಡಿ ಸಾರ್, ಯಾವ್ ಕಾಲದ್ದೋ," ಎಂದರು. "ನೀವು ನಮ್ಗೆ ದೇವ್ರಿದ್ದಂಗೆ ಸಾರ್," ಎಂದಿತು ಇನ್ನೊಂದು ದನಿ. ಒಬ್ಬಿಬ್ಬರು ಅಳಲು ಶುರುಮಾಡಿದರು. ಮೇಷ್ಟ್ರಿಗೆ ಚಪ್ಪಾಳೆಗಿಂತ ಈ ಕ್ಷಮೆ ಹೆಚ್ಚು ನಾಚಿಕೆ ತಂದಿತು. ಕ್ಷಮಿಸಬೇಕಾದವಳು ಇಲ್ಲಿರಲಿಲ್ಲ, ಜೈಲಿನಲ್ಲಿದ್ದಳು.

"ಬೂದಿಬಂಡೆಯ ಹಾಳೆಯಲ್ಲೂ ಐವತ್ತೆಂಟು ಅಂತಿದೆ," ಎಂದರು. "ಅನುಷಾ ಸತ್ತರೂ ಹಂಗೆ ಬರೆಯಲ್ಲ. ಬರೆದೋರು ನನ್ನ ಇನ್ನೊಬ್ಬ ಶಿಷ್ಯರು. ಈಗ ಚೀಟಿ ಓದ್ತೀನಿ."

ಈಗ ಅಳುವೂ ನಿಂತಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಷ್ಟ್ರು ನವೀನನ ಹೆಗಲ ಕಡೆಗೇ ನೋಡುತ್ತಿದ್ದರು. ಅವನು ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡ.

ಮೊದಲ ಚೀಟಿ ಎಪ್ಪತ್ನಾಲ್ಕು, ನರ್ಸಾಗಿರುವ ಹುಡುಗಿಯದು. ಎರಡನೆಯದು, ಮೂರನೆಯದು ಎಪ್ಪತ್ನಾಲ್ಕು. ಒಂದು ಖಾಲಿ. ಚಿರಂಜೀವಿಯದು ಬಂತು: 'ಮರ್ತೋಗೈತೆ ಸಾರ್, ಕ್ಷಮ್ಸಿ.' ಮತ್ತೆ ಎಪ್ಪತ್ನಾಲ್ಕುಗಳು.

ನವೀನ್ ಕುಮಾರನ ಚೀಟಿ ಕೈಗೆ ಬಂದಾಗ ಮೇಷ್ಟ್ರು ಅದನ್ನು ಎರಡು ಸಲ ಓದಿದರು. ಎಪ್ಪತ್ನಾಲ್ಕು.

"ಅಣ್ಣನ ಮಗಂಗೆ ನಾನೇ ಪಾಠ ಹೇಳ್ಕೊಡೋದು ಸಾರ್," ಎಂದ ನವೀನ್, ಮೈಕಿಲ್ಲದೆ, ಮೆಲ್ಲಗೆ. "ನೀವು ತಪ್ಪು ಹೇಳ್ಕೊಟ್ಟಿದ್ದು ನಂಗೆ ಹೋದ ವರ್ಷವೇ ಗೊತ್ತಾಯ್ತು. ದೊಡ್ಡೋರ ವಿಷಯ ಅಂತ ಸುಮ್ನಿದ್ದೆ."

ಎರಡು ದಿನದಿಂದ ಕಟ್ಟಿಕೊಂಡಿದ್ದ ಗೋಡೆ ಕುಸಿಯಿತು. ಮೇಷ್ಟ್ರು ಬೇಗ ಬೇಗ ಉಳಿದವನ್ನು ಬಿಡಿಸಿದರು. ಎಪ್ಪತ್ನಾಲ್ಕು ಒಟ್ಟು ಹತ್ತೊಂಬತ್ತು. ಖಾಲಿ, ಮರೆವು ಸೇರಿ ಆರು. ಬುಟ್ಟಿಯಲ್ಲಿ ಒಂದೇ ಚೀಟಿ ಉಳಿದಿತ್ತು.

ಅದನ್ನು ಬಿಡಿಸಿದರು.

ದುಂಡಗಿನ ಅಕ್ಷರ. 40 + 16 + 2 = 58. ಕೆಳಗೆ, ಸರಿಯುತ್ತರ ಗೊತ್ತಿರುವವರ ಉತ್ಸಾಹದಲ್ಲಿ, ಎರಡು ಗೆರೆ ಎಳೆದಿತ್ತು. ಹೆಸರು ಓದುವ ಅಗತ್ಯವಿರಲಿಲ್ಲ. ಆ ಕೈಯನ್ನು ಹಿಡಿದು ಅ ಆ ಇ ಈ ತಿದ್ದಿಸಿದ್ದು ಅವರೇ.

ಹುಣಸೆಕಟ್ಟೆಯ ಮೂವತ್ನಾಲ್ಕು ಮಕ್ಕಳಲ್ಲಿ ಅವರ ಮಗಳೂ ಒಬ್ಬಳು. ಸೈನ್ಸ್ ಓದಲಿಲ್ಲ, ಲ್ಯಾಬಿನಲ್ಲೇ ಕೆಲಸ, ಸಹಿಯಿರುವ ಕಂಪ್ಯೂಟರಿನ ಮುಂದೆಯೇ ಅವಳ ಕುರ್ಚಿ. ಶೃತಿಯವರಿಗೆ ಹೆಸರು ಹೇಳುವಾಗ ಅವಳು ನೆನಪಿಗೇ ಬಂದಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

ಊರಿಗೆಲ್ಲ ಮುಚ್ಚಿಟ್ಟರೂ ಮನೆಯಲ್ಲಿ ಊಟಕ್ಕೆ ಕೂತಾಗ ಮಗಳಿಗೊಂದು ಮಾತು ಹೇಳಬಹುದಿತ್ತು. ಹದಿನೈದು ವರ್ಷದಲ್ಲಿ ಐದು ಸಾವಿರ ಸಲವಾದರೂ ಎದುರುಬದುರು ಕೂತು ಉಂಡಿದ್ದರು. ಹೇಳಲಿಲ್ಲ. ಅಪ್ಪ ತಪ್ಪುವುದಿಲ್ಲವೆಂದು ಪೂರ್ತಿ ನಂಬಿದ್ದ ಒಂದೇ ಜೀವ ಅದು, ಆ ನಂಬಿಕೆ ಕಳೆದುಕೊಳ್ಳಲು ಮನಸ್ಸು ಬಂದಿರಲಿಲ್ಲ.

ಅನುಷಾ ಹೆಸರು ಹೇಳದೆ ಯಾಕೆ ಸುಮ್ಮನಾದಳೆಂದು ಈಗ ಗೊತ್ತಾಯಿತು.

ಶೃತಿ ಹಿಂದಿನ ಸಾಲಿನಲ್ಲಿ ಎದ್ದು ನಿಂತಿದ್ದರು. ಅಷ್ಟು ದೂರದಿಂದ ಚೀಟಿ ಕಾಣುವಂತಿರಲಿಲ್ಲ. ಇದೂ ಖಾಲಿ ಎಂದು ಮಡಚಿ ಜೇಬಿಗೆ ಹಾಕಿಕೊಂಡರೆ ಯಾರೂ ಕೇಳುತ್ತಿರಲಿಲ್ಲ. ದೇವರಂಥ ಮೇಷ್ಟ್ರ ಮಾತನ್ನು ಯಾರು ಅನುಮಾನಿಸುತ್ತಾರೆ? ಅನುಷಾ ಇನ್ನಷ್ಟು ದಿನ ಒಳಗಿರುತ್ತಾಳೆ, ಅಷ್ಟೇ.

ಮುಂದಿನ ಸಾಲಿನಲ್ಲಿ ಮಂಜುಳಾ ಕೈ ಕೈ ಹಿಸುಕಿಕೊಳ್ಳುತ್ತಿದ್ದಳು. ಅಪ್ಪನ ಕಣ್ಣನ್ನೇ ನೋಡುತ್ತಿದ್ದಳು. ಆ ನೋಟದಲ್ಲಿದ್ದದ್ದು ಬೇಡಿಕೆಯೋ ಭಯವೋ ಮೇಷ್ಟ್ರಿಗೆ ತಿಳಿಯಲಿಲ್ಲ. ಒಂದು ಸಲ ಬಾಯಿ ತೆರೆದು ಮುಚ್ಚಿದರು. ಎರಡನೆಯ ಸಲ ದನಿ ಬಂತು.

"ಮಂಜುಳಾ," ಎಂದು ಓದಿದರು. "ಐವತ್ತೆಂಟು."

ಶೃತಿ ಕುರ್ಚಿಗಳ ನಡುವಿನಿಂದ ಮುಂದೆ ಬಂದರು. ಮಂಜುಳಾ ತಾನಾಗಿಯೇ ಎದ್ದು ನಿಂತಳು. ಮುಖದಲ್ಲಿ ರಕ್ತವಿರಲಿಲ್ಲ.

"ಅನುಷಾ ರಜದಲ್ಲಿದ್ಳು. ಅರ್ಜೆಂಟ್ ಅಂದ್ರು, ನಾನೇ ಮಾಡ್ದೆ. ಸರಿಯಾಗೇ ಮಾಡಿದೀನಿ ಅನ್ಕಂಡಿದ್ದೆ ಅಪ್ಪ," ಎಂದಳು. "ನೀನು ಹೇಳ್ಕೊಟ್ಟ ಲೆಕ್ಕ ಅಂತ ಒಂದ್ಸಲಾನೂ ತಿರುಗಿ ನೋಡ್ಲಿಲ್ಲ. ಇವತ್ತಿನವರ್ಗೂ ಅದು ತಪ್ಪು ಅಂತ ನಂಗೊತ್ತಿರ್ಲಿಲ್ಲ."

ಮೇಷ್ಟ್ರು ಹೆಗಲ ಮೇಲಿನ ಶಾಲು ತೆಗೆದು ಪೇಟದ ಪಕ್ಕ ಇಟ್ಟರು.

"ಅರ್ಜೆಂಟ್ ಅಂದಿದ್ದು ಯಾರು?" ಶೃತಿ ಕೇಳಿದರು. ಮಂಜುಳಾ ಬೇಡವೆಂಬಂತೆ ತಲೆಯಾಡಿಸಿದಳು. "ಅದು ಬಿಡು. ಪಾಲಾಕ್ಷನ್ನ ಏನು ಮಾಡಿದ್ರಿ?"

"ಬದುಕವ್ನೆ ಮೇಡಂ."

ಹಾಲಿನಲ್ಲಿ ಗುಜುಗುಜು ಎದ್ದಿತು. ಶೃತಿ ಕೈಯೆತ್ತಿ ಸುಮ್ಮನಾಗಿಸಿದರು. "ಎಲ್ಲಿ?"

ಮಂಜುಳಾ ಮೊದಲ ಸಲ ಅಪ್ಪನಿಂದ ಕಣ್ಣು ತೆಗೆದು ಸುತ್ತ ಕೂತಿದ್ದ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿದಳು.

"ಇಲ್ಲಿ ಬ್ಯಾಡ ಮೇಡಂ," ಎಂದಳು. "ಅವನಿರೋ ಜಾಗ ಈ ಹಾಲಲ್ಲಿ ಹೇಳಿದ್ರೆ ಅವ್ನು ಸಂಜೆವರ್ಗೂ ಉಳಿಯಲ್ಲ. ಅವನನ್ನ ಮುಗಿಸ್ಬೇಕು ಅನ್ನೋರು ಇಲ್ಲೇ ಅವ್ರೆ, ಅದ್ಕೇ ಇಷ್ಟು ದಿನ ಬಾಯಿ ಬಿಡ್ಲಿಲ್ಲ."

ಇಪ್ಪತ್ತೈದು ಕುರ್ಚಿಗಳಲ್ಲಿ ಒಂದೂ ಅಲುಗಾಡಲಿಲ್ಲ.